ಯಾವ ಪುಸ್ತಕದಲ್ಲೂ ಇಲ್ಲದ ಮಾತು

ಬಾದಾಮಿ
18 ನವೆಂಬರ್ 2025

ಪ್ರೀತಿಯ ಕಾಸಿಂಬಿ,

ಇಲ್ಲಿ ನಾವು ಗಟ್ಟಿಯಾಗಿದ್ದೇವೆ. ನೀನು ಹೇಗಿದ್ದೀ ಎಂದು ಕೇಳುವುದಿಲ್ಲ. ಮೊನ್ನೆ ಫೋನಿನಲ್ಲಿ ನನ್ನ ಜೊತೆ ಮಾತಾಡುತ್ತಲೇ ಸೊಸೆಗೆ ಕೆಲಸ ಹಚ್ಚಿ, ತರಕಾರಿಯವನ ಸಂಗಡ ಜಗಳವನ್ನೂ ಮುಗಿಸಿದೆಯಲ್ಲ, ಆ ದನಿ ಕೇಳಿದ ಮೇಲೆ ನಿನ್ನ ಆರೋಗ್ಯದ ಚಿಂತೆ ನನಗೆ ಉಳಿದಿಲ್ಲ. ದೀಪಾವಳಿಯ ಮರುದಿನವೇ ಬರೆಯುತ್ತೇನೆ ಎಂದವಳು ಇಷ್ಟು ತಡಮಾಡಿದೆ, ಬೈದುಕೋ. ಬಸುರಿ ಮಗಳು ಶೈಲಾಳ ಕುಬಸದ ಗದ್ದಲ, ಅದರ ಬೆನ್ನಿಗೇ ಇನ್ನೊಂದು ಗದ್ದಲ. ಎರಡನೆಯದನ್ನು ಹೇಳುವುದಕ್ಕೇ ಇವತ್ತು ಪೆನ್ನು ಹಿಡಿದಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ನೀನು ಅದನ್ನು ಸ್ಪೀಕರಿಗೆ ಹಾಕಿಟ್ಟು ರೊಟ್ಟಿ ಬಡಿಯುತ್ತೀ, ಅರ್ಧ ಸೊಲ್ಲಾಪುರಕ್ಕೆ ಕೇಳಿಸುತ್ತದೆ. ಇದು ನಿನಗೊಬ್ಬಳಿಗೇ ಹೇಳುವ ಮಾತು. ಇಳಕಲ್ಲಿನ ಆ ಓಣಿಯಲ್ಲಿ ನಿಮ್ಮ ಮಗ್ಗದ ಸಪ್ಪಳ, ನಮ್ಮ ಮಗ್ಗದ ಸಪ್ಪಳ ಒಂದೇ ಗೋಡೆಯ ಆಚೀಚೆ ಕೇಳುತ್ತ ಬೆಳೆದವರು ನಾವು. ನನ್ನ ಒಡಹುಟ್ಟಿದ ಶೀಲಕ್ಕ, ನೀನು, ನಾನು. ಅವಳು ಹೋದ ಮೇಲೆ ಅವಳ ಸುದ್ದಿಯನ್ನು ನಿನ್ನೊಬ್ಬಳ ಹತ್ತಿರ ಮಾತ್ರ ನಾನು ಆಡುವುದು.

ಮೊದಲು ನನ್ನ ಆಸೆಯ ಸುದ್ದಿ ಕೇಳು. ನಾನು ಮನೆಯಲ್ಲಿ ಕರದಂಟು ಮಾಡಿ ಅಮೀನಗಡದ ಅಂಗಡಿಗಳಿಗೆ ಕೊಡುವುದು ನಿನಗೆ ಗೊತ್ತಿದೆ. ಅಂಟು ಹುರಿಯುವವಳು ನಾನು, ಬೆಲ್ಲದ ಪಾಕ ಹಿಡಿಯುವವಳು ನಾನು, ಡಬ್ಬಿಯ ಮೇಲೆ ಮಾತ್ರ ಮಂದಿಯ ಹೆಸರು. ಈ ಸಲ ಅಮೀನಗಡದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಇರುವ ದುರ್ಗಪ್ಪನ ಅಂಗಡಿ ಖಾಲಿಯಾಯಿತು. ಅವನಿಗೆ ಮೊಣಕಾಲು ನೋವು, ಇನ್ನು ನಿಂತು ಮಾರಲಾರ. ನನ್ನ ಕರದಂಟಿನ ರುಚಿ ಬಲ್ಲವನು. ನಿನಗಾದ್ರ ಕೊಡ್ತೇನವ್ವಾ, ಕಾರ್ತಿಕ ಮುಗಿಯೂ ತನಕ ಕಾಯ್ತೇನಿ, ಆಮೇಲ ನನ್ನ ಬೈಬ್ಯಾಡ ಎಂದು ಹೇಳಿಬಿಟ್ಟಿದ್ದ. ಅಂಗಡಿಯ ಮೇಲೆ ‘ರೋಹಿಣಿ ಕರದಂಟು’ ಎಂದು ಬೋರ್ಡು ಬರೆಸಬೇಕು, ಹುನಗುಂದದಿಂದ ಬರುವ ಬಸ್ಸಿನ ಕಿಟಕಿಯಿಂದಲೇ ಓದುವ ಹಾಗೆ ಬರೆಸಬೇಕು ಎಂದು ನಾನು ಅವತ್ತೇ ನಿರ್ಧಾರ ಮಾಡಿದೆ. ರೊಕ್ಕ ಎಲ್ಲಿಂದ ಎಂದು ಮಾತ್ರ ಗೊತ್ತಿರಲಿಲ್ಲ.

ಆಗ ನೆನಪಾದದ್ದು ಇವರ ಡಬ್ಬಿ. ಇವರು ಎಂದರೆ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಗಂಡನ ಹೆಸರು ಹಿಡಿಯುವ ರೂಢಿ ನನಗೆ ಈಗಲೂ ಇಲ್ಲ, ನೀನು ಎಷ್ಟು ನಕ್ಕರೂ ಅಷ್ಟೇ.

ಸ್ಟೇಷನ್ ರಸ್ತೆಯಲ್ಲಿ ಇವರು ಇಂಟರ್ನೆಟ್ ಅಂಗಡಿ ಇಟ್ಟಿದ್ದ ಕಾಲದಲ್ಲಿ, ನಾನು ಈ ಮನೆ ಸೇರಿ ಮೂರನೆಯ ವರ್ಷ ಇರಬೇಕು, ಯೋನಾಸ ಎಂಬ ಪರದೇಶದ ಹುಡುಗನೊಬ್ಬ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಬಾದಾಮಿಯ ಕೆಂಪು ಬಂಡೆ ಹತ್ತುವುದಕ್ಕೆಂದೇ ಬರುವವರಿದ್ದಾರೆ ನೋಡು, ಅಂಥವನು. ಬೆಳಗಾದರೆ ಹಗ್ಗ ಹೆಗಲಿಗೆ ಹಾಕಿಕೊಂಡು ಹೋಗುವುದು, ಸಂಜೆ ಮೊಣಕೈ ಕೆತ್ತಿಸಿಕೊಂಡು ಬಂದು ನನ್ನ ಕೈಯ ಜುಣಕ ರೊಟ್ಟಿ ತಿನ್ನುವುದು. ಹೊರಡುವಾಗ ಅವನ ಕಿಸೆ ಖಾಲಿ. ಬಾಡಿಗೆಯ ಬದಲಿಗೆ ಕಂಪ್ಯೂಟರಿನೊಳಗಿನ ರೊಕ್ಕ ಕೊಡುತ್ತೇನೆ ಎಂದ. ನೋಟಲ್ಲ, ನಾಣ್ಯವಲ್ಲ, ಕೈಯಲ್ಲಿ ಹಿಡಿಯಲಾಗದ ರೊಕ್ಕ, ಬಿಟ್‌ಕಾಯಿನ್. ಇವರ ಕಂಪ್ಯೂಟರಿನಲ್ಲೇ ಒಂದು ಡಬ್ಬಿ ಮಾಡಿ, ಅದರಲ್ಲಿ ಹಾಕಿ, ಕೀಲಿ ಹಾಕಿಸಿ ಹೋದ. ಕೀಲಿ ಎಂದರೆ ಒಂದು ಗುಪ್ತ ಮಾತು, ಪಾಸ್‌ವರ್ಡು. ಸ್ಟೇಷನ್ ರಸ್ತೆಯ ಮಂದಿಯೆಲ್ಲ ನಕ್ಕರು. ನಾನೂ ನಕ್ಕೆ. ಹುಡುಗ ಗಾಳಿ ಕೊಟ್ಟು ಹೋದ, ನೀವು ಅದಕ್ಕೆ ಕೀಲಿ ಹಾಕಿಟ್ಟಿರಿ ಎಂದು ಇವರನ್ನು ಎಷ್ಟು ಕಾಡಿದ್ದೇನೋ.

ಆ ಗಾಳಿಗೆ ಈಗ ಬಂದಿರುವ ಬೆಲೆ ಕೇಳಿದರೆ ನೀನು ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತೀ. ಬಾಗಲಕೋಟೆಯಿಂದ ಇವರ ಅಕ್ಕನ ಮಗ ಸುನೀಲಕುಮಾರ ಬಂದಿದ್ದ, ನವನಗರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾನಲ್ಲ, ಅವನು. ಚಹಾ ಕುಡಿಯುತ್ತ ಹಳೆಯ ಕಥೆ ಬಂತು, ನಾನು ನಗುತ್ತಲೇ ಹೇಳಿದೆ. ಅವನ ಕಪ್ಪು ಕೈಯಲ್ಲೇ ಉಳಿಯಿತು. ಆ ಕಂಪ್ಯೂಟರ್ ಎಲ್ಲೈತಿ ಮಾಮಿ ಎಂದ. ಅಟ್ಟದ ಮೇಲೆ ಕರದಂಟಿನ ಖಾಲಿ ಡಬ್ಬಿಗಳ ಹಿಂದೆ ಇತ್ತು. ನಾನು ಗುಜರಿಯವನಿಗೆ ಕೊಡಬೇಕೆಂದು ಎಷ್ಟೋ ಸಲ ಇಳಿಸಿ, ಚೌಕಾಸಿ ಕುದುರದೆ ಮತ್ತೆ ಹತ್ತಿಸಿದ್ದೆ. ನನ್ನ ಚೌಕಾಸಿಯೇ ಅದನ್ನು ಉಳಿಸಿತು, ಇದನ್ನು ನಾನು ಎಲ್ಲರಿಗೂ ಹೇಳುತ್ತ ತಿರುಗುತ್ತಿದ್ದೇನೆ.

ಸುನೀಲಕುಮಾರ ಅದಕ್ಕೆ ಏನೇನೋ ಬದಲಿಸಿ ಜೀವ ಬರಿಸಿದ. ಡಬ್ಬಿ ಇತ್ತು. ಒಳಗೆ ಮಾಲೂ ಇತ್ತು. ಪಾಸ್‌ವರ್ಡು ಹಾಕು ಎಂದು ಒಂದು ಖಾಲಿ ಪಟ್ಟಿ ಬಂದು ನಿಂತಿತು. ನಾವಿಬ್ಬರೂ ಇವರ ಮುಖ ನೋಡಿದೆವು. ಇವರು ಗೋಡೆಯ ಮೇಲಿನ ಬಸವಣ್ಣನವರ ಫೋಟೋ ನೋಡಿದರು. ಮರೆತುಹೋಗಿದೆಯಂತೆ!

ಯಾವ ಬ್ಯಾಂಕಿಗೂ ಹೋಗಿ ಕೇಳುವ ಹಾಗಿಲ್ಲವಂತೆ, ಅದಕ್ಕೆ ಮ್ಯಾನೇಜರ್ ಇಲ್ಲ, ಅರ್ಜಿ ಇಲ್ಲ, ಹೆಬ್ಬೆಟ್ಟು ಒತ್ತುವುದೂ ಇಲ್ಲ. ಮಾತು ನೆನಪಾದರೆ ಉಂಟು, ಇಲ್ಲದಿದ್ದರೆ ಕಣ್ಣೆದುರಿಗೇ ಇದ್ದೂ ಇಲ್ಲ. ಎಷ್ಟು ಸಲ ತಪ್ಪಿದರೂ ಬೈಯುವುದಿಲ್ಲ, ಅದೊಂದೇ ಅದರ ಒಳ್ಳೆಯ ಗುಣ. ತಪ್ಪು ಎಂದು ಕೆಂಪಗೆ ಬರುತ್ತದೆ, ಮತ್ತೆ ಹಾಕಬಹುದು. ಸುನೀಲಕುಮಾರ ಕೈಚೆಲ್ಲಿದ. ನಾನು ಚೆಲ್ಲಲಿಲ್ಲ. ನಾ ಹುಡುಕ್ತೇನಿ ಎಂದೆ. ಇವರ ತಲೆಯಲ್ಲಿ ಏನೇನಿದೆ ಎಂದು ಇವರಿಗಿಂತ ನನಗೆ ಚೆನ್ನಾಗಿ ಗೊತ್ತು. ಕನ್ನಡಕ ಮರೆತರೆ ಹುಡುಕುವವಳು ನಾನು, ಬಿಪಿ ಗುಳಿಗೆ ನೆನಪಿಸುವವಳು ನಾನು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಬಾಯಿಯ ಒಂದು ಮಾತು ಸಿಗದೇ ಹೋದೀತೇ?

ಅವತ್ತಿನಿಂದ ನನಗೆ ಅದೇ ಉದ್ಯೋಗ. ಪಾಕ ಕುದಿಯಲು ಇಡುವುದು, ಬಂದು ಎರಡು ಹೆಸರು ಹಾಕಿ ನೋಡುವುದು, ಹೋಗಿ ತಿರುವುವುದು. ಮನೆದೇವರು ಹಾಕಿದೆ, ಬನಶಂಕರಿಯನ್ನು ಹಾಕಿದೆ, ಇವರ ತಾಯಿ ಗೌರವ್ವನನ್ನು ಹಾಕಿದೆ, ಇವರ ಹಳೇ ಸ್ಕೂಟರಿನ ನಂಬರು ಹಾಕಿದೆ. ಇಂಗ್ಲಿಷ್ ಅಕ್ಷರ ಕುಟ್ಟುವುದರಲ್ಲಿ ನನ್ನ ಕೈ ಈಗ ನೋಡಬೇಕು ನೀನು. ಇದರ ನಡುವೆ ಯಾವನೋ ಒಬ್ಬ ಫೋನಿನಲ್ಲಿ, ಮರೆತ ಪಾಸ್‌ವರ್ಡು ಹುಡುಕಿಕೊಡುತ್ತೇವೆ, ಮೊದಲು ಮುಂಗಡ ಕಳಿಸಿ, ಆಮೇಲೆ ಆ ಡಬ್ಬಿಯನ್ನೇ ನಮಗೆ ಕಳಿಸಿ ಎಂದ. ತಮ್ಮಾ, ಕಳ್ಳನ ಕೈಯಾಗ ಟಿಜೂರಿ ಕೊಟ್ಟು ಕೀಲಿ ಹುಡುಕು ಅನ್ನೂವಷ್ಟು ಹುಚ್ಚಿ ಅಲ್ಲ ನಾ ಎಂದು ಫೋನಿಟ್ಟೆ.

ಹೀಗೇ ಒಂದು ಮಧ್ಯಾಹ್ನ ಉಣ್ಣುತ್ತ ಉಣ್ಣುತ್ತ ಇವರಿಗೆ ಯೋನಾಸ ಹೇಳಿದ್ದ ಮಾತು ನೆನಪಾಯಿತು. ಸಣ್ಣ ಹೆಸರು ಬೇಡ, ಉದ್ದನೆಯ ಮಾತಿರಲಿ ಎಂದಿದ್ದನಂತೆ. ನಿಮ್ಮ ಭಾಷೆಯದಿರಲಿ, ಯಾವ ಪುಸ್ತಕದಲ್ಲೂ ಇರಬಾರದು, ನೀನು ಸಾಯುವ ತನಕ ಮರೆಯಬಾರದು. ಹಾಗೆಯೇ ಇಟ್ಟಿದ್ದೆ ಎಂದರು. ಸಾಯುವ ಮೊದಲೇ ಮರೆತಿರಲ್ಲ ಎಂದೆ. ಪಾಪ, ತುತ್ತು ಕೆಳಗಿಟ್ಟು ಕುಳಿತರು. ನನಗೆ ಮಾತ್ರ ಹುರುಪು ಬಂತು. ವಚನ ಅಲ್ಲ ಎಂದಾಯಿತು, ಅದು ಪುಸ್ತಕದಲ್ಲಿದೆ. ಇವರ ಅಜ್ಜಿ ಆಡುತ್ತಿದ್ದ ಗಾದೆ ಕೇಳಿದೆ, ಜೋಗುಳ ಹಾಡಿಸಿದೆ, ಬೈಗುಳವನ್ನೂ ಬಿಡಲಿಲ್ಲ. ಇವರು ಕಿವಿ ಮುಚ್ಚಿಕೊಂಡರು. ತಪ್ಪು, ತಪ್ಪು, ಎಲ್ಲವೂ ತಪ್ಪು.

ಅಷ್ಟರಲ್ಲಿ ಶೈಲಾಳ ಕುಬಸ ಬಂತು. ನೀನು ಎತ್ತಿ ಆಡಿಸಿದ ಶೀಲಕ್ಕನ ಮಗಳು ಈಗ ತುಂಬಿದ ಬಸುರಿ, ಮುಖದ ಮೇಲೆ ಏನು ಕಳೆ ಅಂತೀ. ಹುನಗುಂದದಿಂದ ಅಳಿಯ ಪ್ರಭುಲಿಂಗ, ಅವನ ತಾಯಿ ಗುರುಲಿಂಗವ್ವ, ಬೀಗರ ಕಡೆಯವರು ಒಂದು ಟೆಂಪೋ ತುಂಬ ಬಂದರು. ಹಸಿರು ಇಳಕಲ್ ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿದೆವು. ಊಟಕ್ಕೆ ಕೂರುವ ಮೊದಲು ಒಡಪಿನ ಸರದಿ. ನಮ್ಮ ಕಡೆ ಗಂಡ ಹೆಂಡಿರಿಂದ ಪ್ರಾಸ ಕಟ್ಟಿ ಒಬ್ಬರ ಹೆಸರು ಇನ್ನೊಬ್ಬರ ಬಾಯಲ್ಲಿ ಹೇಳಿಸದೆ ಯಾರನ್ನು ಏಳಲು ಬಿಡುತ್ತಾರೆ? ಶೈಲಾ ಹೇಳಿದಳು, ಪ್ರಭುಲಿಂಗ ನಾಚಿ ನಾಚಿ ಹೇಳಿದ. ಆಮೇಲೆ ಗುರುಲಿಂಗವ್ವ ನನ್ನ ಕಡೆ ತಿರುಗಿದಳು. ನಾನೇನು ಹಿಂದೆ ಸರಿಯುವವಳೇ? ವಾರದಿಂದ ಕಟ್ಟಿಕೊಂಡಿದ್ದೆ. ಸೆರಗು ಸರಿಮಾಡಿಕೊಂಡು ಹೇಳಿದೆ:

“ಅಂಟ ಬೆಲ್ಲ ಕೂಡಿದ್ರ ಅಮೀನಗಡದ ಕರದಂಟ,
ವಿಜಯಮಹಾಂತೇಶರದೂ ನಂದೂ ಬಿಚ್ಚಲಾರದ ಗಂಟ.”

ಕಾಸಿಂಬಿ, ಪಡಸಾಲೆ ಹಾರಿಹೋಗುವ ಹಾಗೆ ಮಂದಿ ಕೂಗಿದರು. ಬೀಗರ, ಹೆಂಡತಿ ಹೇಳ್ಯಾಳ, ಇನ್ನ ನೀವ ಹೇಳ್ರಿ, ಬಿಡೂದಿಲ್ಲ ಎಂದು ಗುರುಲಿಂಗವ್ವ ಇವರ ಬೆನ್ನು ಹತ್ತಿದಳು. ಇವರು ಒಲ್ಲೆ ಎಂದರು, ತಪ್ಪಿಸಿಕೊಳ್ಳಲು ನೋಡಿದರು, ಪ್ರಭುಲಿಂಗ ಬಾಗಿಲು ಅಡ್ಡಗಟ್ಟಿದ. ಬಾಗಿಲು ಅಡ್ಡಗಟ್ಟಿದ ಕೂಡಲೇ ಇವರು ನಿಂತರು. ನಕ್ಕರು. ಎಲ್ಲೋ ದೂರ ನೋಡುತ್ತ, ತಡವರಿಸದೆ, ಒಂದೇ ಉಸಿರಿಗೆ ಹೇಳಿದರು:

“ಅಗಸ್ತ್ಯತೀರ್ಥದಾಗ ಗುಡ್ಡದ ನೆರಳ,
ಶೀಲಾನ ಕೈಯಾಗ ನನ್ನ ಕಿರಿಬೆರಳ.”

ನಿನಗೆ ನೆನಪಾಯಿತೇ? ಇಳಕಲ್ಲಿನಲ್ಲಿ ಅಕ್ಕನ ಮದುವೆಯ ದಿನ, ನಮ್ಮ ಮನೆಯ ಹೊಸ್ತಿಲ ಮೇಲೆ ಕೈ ಅಗಲಿಸಿ ನಿಂತು, ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಮದುಮಗನನ್ನು ತಡೆದವಳು ನೀನೇ. ಇವರು ಅಲ್ಲೇ ನಿಂತು, ಅಕ್ಕ ಹಿಡಿದಿದ್ದ ಕಿರುಬೆರಳನ್ನು ನೋಡಿ ಕಟ್ಟಿದ ಒಡಪು ಅದು. ನಾನು ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. ನೀನೂ ಕೇಳಿದ್ದೆ, ನಾನೂ ಕೇಳಿದ್ದೆ, ಎಲ್ಲರೂ ಮರೆತಿದ್ದೆವು.

ಇವರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಗುರುಲಿಂಗವ್ವ ಸೆರಗು ಬಾಯಿಗೆ ಹಚ್ಚಿಕೊಂಡಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಮಂದಿ ನನ್ನನ್ನು ನೋಡಿ ಅಯ್ಯೋ ಅನ್ನುವುದನ್ನು ನಾನು ಸಹಿಸುವುದಿಲ್ಲ. ನಾನೇ ಮೊದಲು ನಕ್ಕೆ.

“ಸರಿ ಹೇಳ್ಯಾರ. ಅಕ್ಕನ ಮಗಳ ಕುಬಸದಾಗ ಅಕ್ಕನ ಹೆಸರ ಬರದ ಇನ್ಯಾರ ಹೆಸರ ಬರಬೇಕ್ರಿ? ಏಳ್ರಿ, ಹೋಳಿಗಿ ಆರ್ತಾವು.”

ಮಂದಿಗೆ ಜೀವ ಬಂತು. ಶೈಲಾ ಮಾತ್ರ ಏಳಲಿಲ್ಲ. ಅಪ್ಪನ ಕೈ ಹಿಡಿದುಕೊಂಡು ಅಳುತ್ತಿದ್ದಳು. ಅವಳ ತಾಯಿ ಕಾಮಣಿ ಬೇನೆ ಬಂದು ತೀರಿಕೊಂಡಾಗ ಅವಳಿಗಿನ್ನೂ ಎಂಟು ತುಂಬಿರಲಿಲ್ಲ. ಆಮೇಲೆ ಅಪ್ಪನ ಬಾಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲಂತೆ. ಇನ್ನೊಮ್ಮೆ ಹೇಳಪ್ಪಾ ಎಂದು ಕೇಳಿದಳು. ಇವರು ನನ್ನ ಮುಖ ನೋಡಿದರು. ನಾನು ಹೇಳ್ರಿ ಎಂದೆ. ಖರೆ ಹೇಳುತ್ತೇನೆ, ಆ ಹುಡುಗಿಯ ಕಣ್ಣು ನೋಡಿದ ಮೇಲೆ ನನಗೆ ಬೇರೇನೂ ಅನ್ನಿಸಲಿಲ್ಲ. ಅವಳು ನನ್ನನ್ನೇ ಅವ್ವ ಎಂದು ಕರೆಯುತ್ತಾಳೆ, ನಾನೇ ತಲೆ ಬಾಚಿ ಸಾಲೆಗೆ ಕಳಿಸಿದವಳು. ಆದರೂ ಹೆತ್ತವಳು ಹೆತ್ತವಳೇ, ಅದೂ ನನ್ನ ಅಕ್ಕ.

ಹೋಳಿಗೆಯ ಮೇಲೆ ತುಪ್ಪ ಹಾಕುತ್ತ ಹೋಗುತ್ತಿದ್ದೆ. ಮೂರನೆಯ ಎಲೆಯೋ ನಾಲ್ಕನೆಯದೋ, ಕೈ ನಿಂತಿತು. ಉದ್ದನೆಯ ಮಾತು. ನಮ್ಮ ಭಾಷೆಯದು. ಯಾವ ಪುಸ್ತಕದಲ್ಲೂ ಇಲ್ಲದ್ದು. ತುಪ್ಪ ಎಲೆ ದಾಟಿ ಹರಿಯಿತು. ಬೀಗತಿ, ನಮ್ಮನ್ನ ತುಪ್ಪದಾಗ ಮುಳುಗಿಸ್ತೀ ಏನ ಎಂದು ಗುರುಲಿಂಗವ್ವ ನಕ್ಕಳು. ನಾನೂ ನಕ್ಕೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆನಲ್ಲ ಎಂದುಕೊಂಡೆ.

ಬೀಗರನ್ನು ಟೆಂಪೋ ಹತ್ತಿಸಿ, ಶೈಲಾಳನ್ನು ಮಲಗಿಸಿ ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಇವರು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಬಂದದ್ದು ಕಂಡು ಎದ್ದು ನಿಂತರು, ಮಾಸ್ತರರೆದುರು ನಿಂತ ಹಾಗೆ.

“ಬ್ಯಾರೆ ಒಡಪ ನನಗ ಬರೂದಿಲ್ಲ ರೋಹಿಣಿ. ಅದೊಂದ ಬರ್ತಿತ್ತು. ಬಾಯಿಗಿ ಬಂದಬಿಡ್ತು.”

ಅದು ಸುಳ್ಳಲ್ಲ. ನಮ್ಮ ಮದುವೆಯಲ್ಲಿ ಒಡಪೇ ಇರಲಿಲ್ಲ. ಇಳಕಲ್ಲಿನ ಮಠದಲ್ಲಿ ಬೆಳಿಗ್ಗೆ ಹಾರ ಹಾಕಿಕೊಂಡು, ಸ್ವಾಮಿಗಳ ಆಶೀರ್ವಾದ ಪಡೆದು, ಪ್ರಸಾದ ಮಾಡಿ ಬಸ್ಸು ಹತ್ತಿದೆವು. ಎರಡನೆಯ ಸಂಬಂಧಕ್ಕೆ ಬಾಗಿಲು ತಡೆಯುವವರು ಯಾರು? ನೀನಿದ್ದಿದ್ದರೆ ತಡೆಯುತ್ತಿದ್ದೆಯೇನೋ, ನೀನಾಗ ಸೊಲ್ಲಾಪುರದಲ್ಲಿ ಬಾಣಂತಿ. ಆ ತನಕ ಬಂದ ಗಂಡುಗಳನ್ನೆಲ್ಲ ಒಲ್ಲೆ ಎಂದವಳು ಈ ಸಂಬಂಧಕ್ಕೆ ಎರಡನೆಯ ಸಲ ಕೇಳಿಸಿಕೊಳ್ಳದೆ ಹೂಂ ಎಂದೆ. ಮಗುವಿಗಾಗಿ ಎಂದು ಊರಿಗೆ ಹೇಳಿದೆ. ನಿನಗೆ ಮಾತ್ರ ಬೇರೆಯದೂ ಗೊತ್ತಿತ್ತು.

ಬಂದು ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ ಎಂದೆ. ಯಾಕೆ ಎಂದು ಕೇಳಲು ಬಾಯಿ ತೆರೆದವರು ಹಾಗೇ ನಿಂತರು. ಅರ್ಥವಾದದ್ದು ಆಗಲೇ, ನನ್ನ ಕಣ್ಣೆದುರಿಗೇ. ಅಲ್ಲಿಯ ತನಕ ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ, ಇದನ್ನು ನಾನು ಯಾವ ದೇವರ ಮುಂದಾದರೂ ಹೇಳುತ್ತೇನೆ.

“ಬ್ಯಾಡ ಬಿಡು. ಆ ರೊಕ್ಕ ಹೋದ್ರ ಹೋಗ್ಲಿ. ನಾ ಆ ಅಕ್ಷರ ಹೊಡಿಯಂಗಿಲ್ಲ.”

“ಅಮೀನಗಡದ ಅಂಗಡಿ ನನಗ ಬೇಕು,” ಎಂದೆ. “ನೀವ ಹೊಡೀತೀರೋ, ನಾ ಹೊಡೀಲೋ?”

ಕುಳಿತರು. ಮೊದಲೆರಡು ಅಕ್ಷರಕ್ಕೆ ತಡೆದರು, ಆಮೇಲೆ ಬೆರಳುಗಳಿಗೆ ದಾರಿ ಗೊತ್ತಿತ್ತು, ಓಡಿದವು. ಕೆಂಪಗೆ ಏನೂ ಬರಲಿಲ್ಲ. ಡಬ್ಬಿ ತೆರೆಯಿತು. ಹುಡುಗ ಕೊಟ್ಟ ಗಾಳಿ ಹಾಗೇ ಇತ್ತು, ಒಂದು ಚೂರೂ ಸೋರಿರಲಿಲ್ಲ. ನಾನು ಒಳಗೆ ಹೋಗಿ ಬೆಲ್ಲದ ಹೆಂಟೆ ತಂದು ಇವರ ಬಾಯಿಗೆ ಹಾಕಿದೆ. ತಿನ್ನಲಿಲ್ಲ, ಬಾಯಲ್ಲೇ ಇಟ್ಟುಕೊಂಡು ಕುಳಿತಿದ್ದರು.

ಸುನೀಲಕುಮಾರನಿಗೆ ಫೋನ್ ಹಚ್ಚಿದೆ, ಆ ಕಡೆ ಕುಣಿದಾಡಿದ. ಅದನ್ನು ಮಾರಿ ರೊಕ್ಕ ಮಾಡುವುದಕ್ಕೆ ಕಾಗದಪತ್ರ ಇದೆಯಂತೆ, ಸರಕಾರಕ್ಕೆ ತೆರಿಗೆಯೂ ಭಾಳ ಇದೆಯಂತೆ. ಕಟ್ಟೋಣ ಎಂದೆ. ಎಲ್ಲ ಕಳೆದರೂ ಅಂಗಡಿಗೆ ಸಾಕು, ಶೈಲಾಳ ಬಾಣಂತನಕ್ಕೂ ಸಾಕು. ದುರ್ಗಪ್ಪನಿಗೆ ನಿನ್ನೆಯೇ ಹೋಗಿ ಮಾತು ಕೊಟ್ಟು ಬಂದೆ. ಬೋರ್ಡು ಬರೆಯುವವನಿಗೂ ಹೇಳಿಯಾಯಿತು. ಅಕ್ಷರ ದೊಡ್ಡದಿರಲಿ, ಹಳದಿ ಮೇಲೆ ಕೆಂಪು.

ಫೋನಿಡುವಾಗ ಸುನೀಲಕುಮಾರ ಇನ್ನೊಂದು ಹೇಳಿದ. ಇಷ್ಟು ಮಂದಿಯ ಮುಂದೆ ಹೇಳಿದ ಮಾತು ಇನ್ನು ಗುಪ್ತವಲ್ಲ, ಪಾಸ್‌ವರ್ಡು ಬದಲಿಸಿರಿ ಎಂದ. ಇವರು ಅದಕ್ಕೇ ಕಾದಿದ್ದವರ ಹಾಗೆ, ನಿನ್ನ ಹೆಸರ ಇಡೂಣು ಎಂದರು. ನಾನು ಬೇಡ ಎಂದೆ. ಇದ್ದದ್ದು ಇರಲಿ, ಇನ್ನು ನಾಲ್ಕು ದಿನಕ್ಕೆ ಹೇಗೂ ಮಾರುತ್ತೇವೆ, ಕುಬಸಕ್ಕೆ ಬಂದವರು ಹೋಳಿಗೆಯ ರುಚಿ ನೆನಪಿಟ್ಟಿರುತ್ತಾರೆಯೇ ಹೊರತು ಒಡಪನ್ನಲ್ಲ. ಹೊಸದು ಇಟ್ಟು ನೀವು ಅದನ್ನೂ ಮರೆತರೆ ನಾನು ಮತ್ತೆ ಹುಡುಕಬೇಕೇನು ಎಂದು ಬೈದೆ. ನಕ್ಕರು. ಎಷ್ಟೋ ಹೊತ್ತಿನ ಮೇಲೆ ನಕ್ಕರು.

ಅಂಗಡಿಯ ಪೂಜೆಗೆ ನೀನು ಬರಲೇಬೇಕು. ಸೊಲ್ಲಾಪುರದ ರೈಲು ಹತ್ತಿ ಬಾದಾಮಿಗೆ ಇಳಿ, ಇವರನ್ನು ಸ್ಟೇಷನ್ನಿಗೆ ಕಳಿಸುತ್ತೇನೆ. ಮೊದಲ ಡಬ್ಬಿ ನಿನ್ನ ಕೈಯಿಂದ ಮಾರಿಸಬೇಕು ಎಂದುಕೊಂಡಿದ್ದೇನೆ, ನಿನ್ನ ಕೈಗುಣ ಒಳ್ಳೆಯದು, ಬಾಯಿಗುಣದ ಮಾತು ಬೇರೆ. ಹೊಸ ಬಾಗಿಲಿನಲ್ಲಿ ಕೈ ಅಗಲಿಸಿ ನಿಲ್ಲುವುದಕ್ಕೆ ನಿನಗೆ ಇನ್ನೂ ಶಕ್ತಿ ಇದ್ದರೆ ನಿಲ್ಲು, ನಾನು ಬೇಡ ಅನ್ನುವುದಿಲ್ಲ.

ಸೊಸೆಯ ತಲೆಯ ಮೇಲೆ ನನ್ನ ಪರವಾಗಿ ಕೈಯಾಡಿಸು, ಬೈಯುವುದು ಕಡಿಮೆ ಮಾಡು. ಮೊಮ್ಮಕ್ಕಳ ಹೊಟ್ಟೆ ತಣ್ಣಗಿರಲಿ, ನಿನ್ನ ಮನೆಯ ಒಲೆ ಎಂದೂ ಆರದಿರಲಿ. ಬಸವಣ್ಣ ನಿಮ್ಮನ್ನೂ ನಮ್ಮನ್ನೂ ನೆಟ್ಟಗಿಡಲಿ.

ನಿನ್ನ ಗೋಡೆಯಾಚೆಯ
ರೋಹಿಣಿ

ತಾ.ಕ.: ನಾನು ಏನೇನು ಹಾಕಿ ನೋಡಿದೆ ಎಂದು ಮೇಲೆ ಬರೆದಿದ್ದೇನಲ್ಲ, ಮನೆದೇವರಿಗಿಂತ ಮೊದಲು ಹಾಕಿದ್ದೊಂದನ್ನು ಬರೆದಿಲ್ಲ. ಕಂಪ್ಯೂಟರಿಗೆ ಜೀವ ಬಂದ ದಿನ ಸುನೀಲಕುಮಾರನನ್ನು ಬಸ್ಸಿಗೆ ಬಿಡಲು ಇವರು ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಇನ್ನೇನಿರುತ್ತದೆ, ಇವರು ಬರುವಷ್ಟರಲ್ಲಿ ತೆಗೆದು ತೋರಿಸುತ್ತೇನೆ ಎಂದು ನಗುತ್ತಲೇ ಕುಳಿತೆ. ನನ್ನ ಹೆಸರು ಹಾಕಿದೆ. ಕೆಂಪಗೆ ತಪ್ಪು ಎಂದು ಬಂತು. ಬೆರಳು ತಪ್ಪಿರಬೇಕೆಂದು, ಒಂದೊಂದೇ ಅಕ್ಷರ ನೋಡಿಕೊಂಡು ಇನ್ನೊಮ್ಮೆ ಹಾಕಿದೆ.